ಹಳೆ ಮನೆಯ ರೆಡ್ ಆಕ್ಸೈಡ್ ನೆಲ, ಬ್ಲೆಂಡರ್‌ನಲ್ಲಿ: ನಿಜ ಅನ್ನಿಸುವ ಮೆಟೀರಿಯಲ್ ಮಾಡುವ ಬಗೆ

ಕಂಪ್ಯೂಟರ್‌ನಲ್ಲಿ 3ಡಿ ಮಾದರಿ ಕಟ್ಟಿ ಚಿತ್ರವಾಗಿ ತೆಗೆದ, ಅಂದರೆ ರೆಂಡರ್ ಮಾಡಿದ ಮನೆ ಪ್ಲಾಸ್ಟಿಕ್ ಥರ ಕಾಣುತ್ತಿದ್ದರೆ ಮೊದಲು ಬಣ್ಣದ ಮೇಲೆ ಅನುಮಾನ ಪಡಬೇಡಿ. ಬಹಳಷ್ಟು ಸಲ ಎಡವಟ್ಟಾಗಿರುವುದು ಹೊಳಪಿನಲ್ಲಿ. ಇಡೀ ನೆಲ ಒಂದೇ ಸಮ ಹೊಳೆಯುತ್ತಿರುತ್ತದೆ, ಇಡೀ ಗೋಡೆ ಒಂದೇ ಸಮ ಮಂಕಾಗಿರುತ್ತದೆ. ಜನ ಬಾಳಿದ ಮನೆ ಹಾಗಿರುವುದಿಲ್ಲ. ಬಾಗಿಲಿನಿಂದ ಅಡುಗೆಮನೆಗೆ ಹೋಗುವ ದಾರಿ ಕಾಲಿಗೆ ಸವೆದು ನುಣುಪಾಗಿರುತ್ತದೆ. ಮಂಚದ ಕೆಳಗೆ ಅದೇ ನೆಲ ಮಾಸಲಾಗಿರುತ್ತದೆ. ಬಣ್ಣ ಒಂದೇ, ಹೊಳಪು ಬೇರೆ. ಈ ಏರಿಳಿತ ತರುವುದು ಹೇಗೆ, ಅದನ್ನು ಎಲ್ಲೆಲ್ಲಿ ತರಬೇಕು ಅನ್ನುವುದೇ ಈ ಲೇಖನದ ಮುಖ್ಯ ವಿಷಯ.

ಉದಾಹರಣೆಗೆ ರೆಡ್ ಆಕ್ಸೈಡ್ ನೆಲ ಇಟ್ಟುಕೊಳ್ಳೋಣ. ನಮ್ಮ ಹಳೆ ಮನೆಗಳಲ್ಲಿ ಇದು ಎಲ್ಲರೂ ನೋಡಿರುವ ನೆಲ. ಹೊಸ ಮನೆ ಕಟ್ಟಿಸುವವರಲ್ಲೂ ಕೆಲವರು ಮತ್ತೆ ಇದನ್ನೇ ಕೇಳುತ್ತಾರೆ. ಕಲಿಯುವವರಿಗೆ ಇನ್ನೊಂದು ಅನುಕೂಲವೂ ಇದೆ. ಇದರಲ್ಲಿ ಚಿತ್ತಾರ ಇಲ್ಲ, ಮರದ ಎಳೆ ಇಲ್ಲ, ಟೈಲ್ಸ್‌ನ ಗೆರೆ ಇಲ್ಲ. ಇರುವುದು ಒಂದು ಬಣ್ಣ ಮತ್ತು ಹೊಳಪು. ಹಾಗಾಗಿ ಚಂದದ ಫೋಟೊ ಹಾಕಿ ತಪ್ಪು ಮುಚ್ಚಿಹಾಕಲು ಆಗುವುದಿಲ್ಲ.

3ಡಿ ಮಾದರಿ ಮಾಡುವ ಸಾಫ್ಟ್‌ವೇರ್ ಬ್ಲೆಂಡರ್. ಇದು ಉಚಿತ. 4.0 ಅಥವಾ ಅದಕ್ಕಿಂತ ಹೊಸ ಆವೃತ್ತಿ ಹಾಕಿಕೊಳ್ಳಿ. 2023ರ ನವೆಂಬರ್‌ನಲ್ಲಿ ಬಂದ 4.0ರಲ್ಲಿ ಪ್ರಿನ್ಸಿಪಲ್ಡ್ ಬಿಎಸ್‌ಡಿಎಫ್ ನೋಡ್‌ನ (ಮೆಟೀರಿಯಲ್‌ನ ಬಣ್ಣ, ಹೊಳಪು ತೀರ್ಮಾನಿಸುವ ಪೆಟ್ಟಿಗೆ; ಇಂಥ ಪೆಟ್ಟಿಗೆಗಳನ್ನು ತಂತಿಯಿಂದ ಜೋಡಿಸುವುದೇ ಇಲ್ಲಿನ ಕೆಲಸ) ಹಲವು ಹೆಸರುಗಳು ಬದಲಾದವು. ಹಳೆ ವಿಡಿಯೋಗಳಲ್ಲಿ ಕ್ಲಿಯರ್‌ಕೋಟ್ ಅಂತ ಹೇಳಿದ್ದರೆ ಅದು ಈಗಿನ ಕೋಟ್. ನೀವು ಬೇರೆ ಸಾಫ್ಟ್‌ವೇರ್ ಬಳಸುವವರಾದರೂ ಲೆಕ್ಕ ಹೆಚ್ಚೂಕಡಿಮೆ ಇದೇ. ಈಗ ಎಲ್ಲೆಡೆ ಚಾಲ್ತಿಯಲ್ಲಿರುವ ಈ ಬಗೆಯ ಶೇಡರ್‌ಗಳ ಬೇರು ಡಿಸ್ನಿ ಸ್ಟುಡಿಯೋದವರು 2012ರಲ್ಲಿ ಮುಂದಿಟ್ಟ ಮಾದರಿಯಲ್ಲಿದೆ. ಒಂದು ವಿಷಯ ಮಾತ್ರ ನೆನಪಿರಲಿ. ವಿ-ರೇ ಥರದ ಕೆಲವು ರೆಂಡರ್ ಸಾಫ್ಟ್‌ವೇರ್‌ಗಳಲ್ಲಿ ರಫ್‌ನೆಸ್ (ಒರಟುತನ) ಬದಲು ಗ್ಲಾಸಿನೆಸ್ ಇರುತ್ತದೆ. ಅದು ತಿರುಗುಮುರುಗು. 1ರಲ್ಲಿ ರಫ್‌ನೆಸ್ ಕಳೆದರೆ ಗ್ಲಾಸಿನೆಸ್ ಸಿಗುತ್ತದೆ.

ಮೊದಲು ನಿಜವಾದ ನೆಲ ನೋಡಿ

ಕಂಪ್ಯೂಟರ್ ಆನ್ ಮಾಡುವ ಮೊದಲು ಒಂದು ಹಳೆ ನೆಲದ ಮೇಲೆ ಹೋಗಿ ನಿಲ್ಲಿ. ಬಿಸಿಲು ಓರೆಯಾಗಿ ಒಳಗೆ ಬರುವ ಬೆಳಗಿನ ಹೊತ್ತು ಒಳ್ಳೆಯದು. ಕಾಲಬುಡದಲ್ಲಿ ನೋಡಿದರೆ ನೆಲದ ಕೆಂಪು ಕಾಣುತ್ತದೆ. ಕೋಣೆಯ ಆ ತುದಿಯಲ್ಲಿ ನೋಡಿದರೆ ಕೆಂಪಿಗಿಂತ ಕಿಟಕಿಯ ಬೆಳಕೇ ಜಾಸ್ತಿ. ಯಾವ ವಸ್ತುವನ್ನಾದರೂ ಓರೆಯಾಗಿ ನೋಡಿದಷ್ಟೂ ಅದು ಹೆಚ್ಚು ಪ್ರತಿಫಲಿಸುತ್ತದೆ. ಇದಕ್ಕೆ ಫ್ರೆನೆಲ್ ಪರಿಣಾಮ ಅಂತ ಹೆಸರು. ಪ್ರಿನ್ಸಿಪಲ್ಡ್ ನೋಡ್ ಇದನ್ನು ತಾನೇ ನೋಡಿಕೊಳ್ಳುತ್ತದೆ. ನೀವು ಬೇರೆ ಫ್ರೆನೆಲ್ ನೋಡ್ ತಂದು ಸಿಕ್ಕಿಸುವುದು ಬೇಡ.

ಆಮೇಲೆ ಕೂತು ನೋಡಿ. ನೆಲದಲ್ಲಿ ಕಾಣುವ ಕಿಟಕಿಯ ಸರಳುಗಳು ನೆಟ್ಟಗಿರುವುದಿಲ್ಲ, ಸ್ವಲ್ಪ ವಂಕಿಯಾಗಿರುತ್ತವೆ. ಗಾರೆಯವರು ಕರಣೆಯಲ್ಲಿ ಕೈಯಿಂದ ತೀಡಿದ ನೆಲ ಅದು, ಗಾಜಿನಷ್ಟು ಸಮ ಇರಲು ಹೇಗೆ ಸಾಧ್ಯ? ಎಣ್ಣೆ ಬಟ್ಟೆಯಲ್ಲಿ ಒರೆಸಿ ಒರೆಸಿ ಬಂದ ಹೊಳಪು ಒಂದು ಕಡೆ, ಗೋಡೆಗೆ ಸುಣ್ಣ ಬಳಿಯುವಾಗ ಬಿದ್ದ ಬಿಳಿ ಚುಕ್ಕೆಗಳು ಗೋಡೆಯಂಚಿನಲ್ಲಿ, ಹೊಸ್ತಿಲ ಬಳಿ ರಂಗೋಲಿ ಪುಡಿ ಕೂತ ಮಂಕು. ಇವನ್ನೆಲ್ಲ ಫೋನಿನಲ್ಲಿ ಹಿಡಿದುಕೊಳ್ಳಿ. ಕೆಲಸ ಮಾಡುವಾಗ ಈ ಫೋಟೊ ಪರದೆಯ ಪಕ್ಕದಲ್ಲೇ ತೆರೆದಿರಲಿ. ನೆನಪಿನಿಂದ ಮಾಡಿದ ಮೆಟೀರಿಯಲ್ ಯಾವಾಗಲೂ ಬೇಕಿದ್ದಕ್ಕಿಂತ ಚೊಕ್ಕವಾಗಿಬಿಡುತ್ತದೆ.

ಬೆಳಕು ಮತ್ತು ಅಳತೆ

ಕೆಟ್ಟ ಬೆಳಕಿನಲ್ಲಿ ಒಳ್ಳೆಯ ಮೆಟೀರಿಯಲ್ ಕೂಡ ಕೆಟ್ಟದಾಗಿ ಕಾಣುತ್ತದೆ. ಅದಕ್ಕೇ ಬೆಳಕನ್ನು ಮೊದಲು ಹಾಕಬೇಕು.

1. ವರ್ಲ್ಡ್ ಟ್ಯಾಬ್‌ನಲ್ಲಿ ಎನ್ವಿರಾನ್‌ಮೆಂಟ್ ಟೆಕ್ಸ್ಚರ್ ಹಾಕಿ, ಅದಕ್ಕೊಂದು ಎಚ್‌ಡಿಆರ್‌ಐ ಚಿತ್ರ (ಸುತ್ತಲಿನ ಬೆಳಕನ್ನೂ ಹಿಡಿದಿಟ್ಟ ಫೋಟೊ) ಕೊಡಿ. ಪಾಲಿ ಹೆವನ್ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಅವು ಸಿಸಿ0 ಪರವಾನಗಿಯವು, ವ್ಯಾಪಾರದ ಕೆಲಸಕ್ಕೂ ಬಳಸಬಹುದು.
2. ಕೋಣೆಗೆ ಕಿಟಕಿ ಕೊರೆದು, ಹೊರಗಿನಿಂದ ಓರೆಯಾಗಿ ಒಂದು ಸನ್ ಲೈಟ್ ಹಾಕಿ. ಆಂಗಲ್ 0.53 ಡಿಗ್ರಿ ಇರಲಿ. ಆಕಾಶದಲ್ಲಿ ಸೂರ್ಯ ನಮಗೆ ಕಾಣುವ ಅಗಲ ಸುಮಾರು ಅಷ್ಟೇ.
3. ರೆಂಡರ್ ಎಂಜಿನ್ ಸೈಕಲ್ಸ್ ಇಟ್ಟುಕೊಳ್ಳಿ. ಬ್ಲೆಂಡರ್‌ನ ಇನ್ನೊಂದು ಎಂಜಿನ್ ಈವೀ ವೇಗವಾಗಿದೆ, ಆದರೆ ಹೊಳಪನ್ನು ತೂಗಿ ನೋಡುವ ಕೆಲಸಕ್ಕೆ ಸೈಕಲ್ಸ್ ನಂಬಿಕಸ್ತ.
4. ಕೋಣೆಯನ್ನು ನಿಜವಾದ ಅಳತೆಯಲ್ಲಿ ಮಾಡಿ. ಬ್ಲೆಂಡರ್‌ನಲ್ಲಿ ಒಂದು ಯೂನಿಟ್ ಅಂದರೆ ಒಂದು ಮೀಟರ್. ನೆಲವನ್ನು ಎಳೆದು ದೊಡ್ಡದು ಮಾಡಿದ್ದರೆ ಕಂಟ್ರೋಲ್ + ಎ ಒತ್ತಿ ಸ್ಕೇಲ್ ಅಪ್ಲೈ ಮಾಡಿ. ಇದನ್ನು ಬಿಟ್ಟರೆ ಮುಂದೆ ಹೇಳುವ ಅಂಕಿಗಳೆಲ್ಲ ತಲೆಕೆಳಗಾಗುತ್ತವೆ.

ಇದರ ಜೊತೆಗೆ ಬೆವೆಲ್, ಅಂದರೆ ಅಂಚನ್ನು ತುಸು ಮೊಂಡು ಮಾಡುವ ಮಾತು. ಮೆಟ್ಟಿಲು, ಕಟ್ಟೆ, ಕಂಬ ಯಾವುದರ ಅಂಚೂ ಬ್ಲೇಡಿನಷ್ಟು ಚೂಪಾಗಿರುವುದಿಲ್ಲ. 2–3 ಮಿಲಿಮೀಟರ್ ಬೆವೆಲ್ ಕೊಟ್ಟರೆ ಅಂಚಿನ ಮೇಲೆ ಬೆಳಕಿನ ತೆಳು ಗೆರೆ ಮೂಡುತ್ತದೆ. ಎಷ್ಟೋ ಜನ ಟೆಕ್ಸ್ಚರ್ (ಮೈಮೇಲೆ ಹೊದಿಸುವ ಚಿತ್ರ) ಬದಲಾಯಿಸುತ್ತಾ ಕೂರುವ ತೊಂದರೆ ಇಷ್ಟಕ್ಕೇ ಸರಿಹೋಗುತ್ತದೆ.

ಬಣ್ಣಕ್ಕೆ ಕಮ್ಮಿ ಸಮಯ ಸಾಕು

ಪ್ರಿನ್ಸಿಪಲ್ಡ್ ನೋಡ್‌ನ ಬೇಸ್ ಕಲರ್‌ನಲ್ಲಿ ಕೆಂಪು 0.19, ಹಸಿರು 0.03, ನೀಲಿ 0.02 ಹಾಕಿ ಶುರು ಮಾಡಿ. ಇವು ಲೀನಿಯರ್ ಅಂಕಿಗಳು, ಅಂದರೆ ತಿರುಗಿ ಬರುವ ಬೆಳಕಿನ ನೇರ ಪಾಲು. ಫೋಟೊ ಎಡಿಟರ್‌ನಲ್ಲಿ ಇದೇ ಬಣ್ಣ ಸುಮಾರು 122, 50, 38 ಅಂತ ಕಾಣುತ್ತದೆ. ಎರಡರ ಲೆಕ್ಕ ಬೇರೆ. 122ನ್ನು 255ರಿಂದ ಭಾಗಿಸಿ 0.48 ಅಂತ ಹಾಕಿದರೆ ನೆಲ ತಿಳಿಗೆಂಪಾಗಿ ಹಾಳಾಗುತ್ತದೆ.

ಬಣ್ಣಕ್ಕೆ ಒಂದು ಮಿತಿ ಇದೆ. ಇದ್ದಿಲು ಕೂಡ ಬೆಳಕಿನ ನೂರಕ್ಕೆ ನಾಲ್ಕು ಪಾಲನ್ನಾದರೂ ತಿರುಗಿಸಿ ಕಳಿಸುತ್ತದೆ. ಹೊಸ ಹಿಮ ಎಂಬತ್ತು ತೊಂಬತ್ತು ಪಾಲು. ಹಾಗಾಗಿ ಕಪ್ಪು ಬಾರ್ಡರ್‌ಗೆ ಪೂರ್ತಿ 0, ಸುಣ್ಣದ ಗೋಡೆಗೆ ಪೂರ್ತಿ 1 ಹಾಕಬೇಡಿ. ಬಾರ್ಡರ್‌ಗೆ 0.04, ಗೋಡೆಗೆ 0.75ರ ಆಸುಪಾಸು ಸಾಕು. ಗೋಡೆ 1 ಆದರೆ ಬೆಳಕು ಕೋಣೆಯೊಳಗೆ ಕುಗ್ಗದೆ ಪುಟಿಯುತ್ತಲೇ ಇರುತ್ತದೆ, ನೆರಳೆಲ್ಲ ತೊಳೆದುಹೋಗುತ್ತದೆ.

ಈಗ ಕೆಂಪಿನಲ್ಲೇ ಸಣ್ಣ ವ್ಯತ್ಯಾಸ ತರಬೇಕು. ಟೆಕ್ಸ್ಚರ್ ಕೋಆರ್ಡಿನೇಟ್ ನೋಡ್‌ನ ಆಬ್ಜೆಕ್ಟ್ ಔಟ್‌ಪುಟ್ ತೆಗೆದು ನಾಯ್ಸ್ ಟೆಕ್ಸ್ಚರ್‌ಗೆ (ಗೊತ್ತುಗುರಿ ಇಲ್ಲದ ಏರಿಳಿತ ಹುಟ್ಟಿಸುವ ನೋಡ್) ಕೊಡಿ. ಸ್ಕೇಲ್ 1.5, ಡೀಟೇಲ್ 6. ಅದನ್ನು ಕಲರ್ ರ‍್ಯಾಂಪ್‌ಗೆ ಹಾಕಿ, ಎರಡು ತುದಿಗೂ ಒಂದೇ ಕೆಂಪಿನ ಎರಡು ಛಾಯೆ ಕೊಡಿ. ಎರಡರ ನಡುವೆ ವ್ಯತ್ಯಾಸ ಇದೆಯೋ ಇಲ್ಲವೋ ಅನ್ನಿಸುವಷ್ಟೇ ಇರಲಿ. ಕಣ್ಣಿಗೆ ರಾಚಿದರೆ ಅದು ಸಾರಣೆ ಮಾಡಿದ ನೆಲ ಅಲ್ಲ, ಕಲೆ ಬಿದ್ದ ನೆಲ.

ಇಲ್ಲೊಂದು ಬಲೆ ಇದೆ. 4.0ರಿಂದ ಬ್ಲೆಂಡರ್‌ನ ವ್ಯೂ ಟ್ರಾನ್ಸ್‌ಫಾರ್ಮ್ (ಲೆಕ್ಕ ಹಾಕಿದ ಬೆಳಕನ್ನು ಪರದೆಯ ಬಣ್ಣಕ್ಕೆ ಇಳಿಸುವ ಬಗೆ) ತಾನಾಗೇ ಎಜಿಎಕ್ಸ್ ಆಗಿರುತ್ತದೆ. ಅದು ಜೋರು ಬೆಳಕನ್ನು ಚೆನ್ನಾಗಿ ಸಂಭಾಳಿಸುತ್ತದೆ, ಆದರೆ ಬಣ್ಣದ ಗಾಢತೆಯನ್ನು ಸ್ವಲ್ಪ ಇಳಿಸುತ್ತದೆ. ಇದು ಗೊತ್ತಿಲ್ಲದವರು ಬೇಸ್ ಕಲರ್‌ನ ಕೆಂಪನ್ನು ಏರಿಸುತ್ತಾ ಹೋಗುತ್ತಾರೆ, ಕೊನೆಗೆ ನೆಲ ಟೊಮೆಟೊ ಆಗುತ್ತದೆ. ಬಣ್ಣ ಹೊಂದಿಸುವಾಗ ಒಂದು ಗಳಿಗೆ ಸ್ಟ್ಯಾಂಡರ್ಡ್‌ಗೆ ಬದಲಿಸಿ ನೋಡಿ, ಮತ್ತೆ ಎಜಿಎಕ್ಸ್‌ಗೆ ಬನ್ನಿ.

ಹೊಳಪಿಗೆ ಸಮಯ ಕೊಡಿ

ಈಗ ಮುಖ್ಯ ಕೆಲಸ. ರಫ್‌ನೆಸ್ 0 ಆದರೆ ಕನ್ನಡಿ, 1 ಆದರೆ ಸೀಮೆಸುಣ್ಣ. ಎಣ್ಣೆ ಕುಡಿದ ಹಳೆ ನೆಲ 0.2ರಿಂದ 0.45ರ ನಡುವೆ ಎಲ್ಲೋ ಓಡಾಡುತ್ತಿರುತ್ತದೆ. ಎಲ್ಲಿ ಎಷ್ಟು ಅನ್ನುವುದನ್ನು ಮನೆಯವರ ಓಡಾಟ ತೀರ್ಮಾನಿಸಬೇಕು, ಸುಮ್ನೆ ನಾಯ್ಸ್ ಸುರಿದರೆ ಆಗುವುದಿಲ್ಲ. ನಾನು ಇದನ್ನು ನಾಲ್ಕು ಪದರಗಳಾಗಿ ಕಟ್ಟುತ್ತೇನೆ.

ಮೊದಲ ಪದರ, ದೊಡ್ಡ ಮೋಡದಂಥ ಏರಿಳಿತ. ಹೊಸ ನಾಯ್ಸ್ ಟೆಕ್ಸ್ಚರ್, ಸ್ಕೇಲ್ 1. ಅದರ ಮುಂದೆ ಮ್ಯಾಪ್ ರೇಂಜ್ ನೋಡ್ ಇಟ್ಟು, 0–1ನ್ನು 0.32–0.45ಕ್ಕೆ ಇಳಿಸಿ. ಇಲ್ಲಿ ಕಲರ್ ರ‍್ಯಾಂಪ್‌ಗಿಂತ ಮ್ಯಾಪ್ ರೇಂಜ್ ಒಳ್ಳೆಯದು. ಎಷ್ಟರಿಂದ ಎಷ್ಟು ಅಂತ ಅಂಕಿಯಲ್ಲೇ ಕಾಣುತ್ತದೆ. ಬಣ್ಣಕ್ಕೆ ಬಳಸಿದ ನಾಯ್ಸನ್ನೇ ಇಲ್ಲಿಗೂ ಎಳೆಯಬೇಡಿ. ಕಪ್ಪಾದಲ್ಲೆಲ್ಲ ಹೊಳಪು, ತಿಳಿಯಾದಲ್ಲೆಲ್ಲ ಮಂಕು ಅಂತ ತಾಳೆಯಾದರೆ ಕಣ್ಣು ಕೂಡಲೇ ಮೋಸ ಹಿಡಿಯುತ್ತದೆ. ಬಣ್ಣದ ಫೋಟೊವನ್ನು ಕಪ್ಪು ಬಿಳುಪು ಮಾಡಿ ರಫ್‌ನೆಸ್‌ಗೆ ಹಾಕುವ ಅಡ್ಡದಾರಿಯಲ್ಲೂ ಇದೇ ತೊಂದರೆ. ಆದರೂ ಇಂಟರ್ನೆಟ್‌ನ ಅರ್ಧಕ್ಕರ್ಧ ಪಾಠಗಳು ಅದನ್ನೇ ಹೇಳಿಕೊಡುತ್ತವೆ!

ಎರಡನೆಯದು ಓಡಾಟದ ದಾರಿ. ಇದನ್ನು ಕೈಯಿಂದಲೇ ಬಿಡಿಸಬೇಕು. ನೋಡ್ ಎಡಿಟರ್‌ನಲ್ಲಿ ಇಮೇಜ್ ಟೆಕ್ಸ್ಚರ್ ನೋಡ್ ತಂದು, ನ್ಯೂ ಒತ್ತಿ 2048 × 2048 ಅಳತೆಯ ಕಪ್ಪು ಚಿತ್ರ ಮಾಡಿ. ಕಲರ್ ಸ್ಪೇಸ್ ನಾನ್-ಕಲರ್ ಅಂತ ಬದಲಿಸಿ. ಟೆಕ್ಸ್ಚರ್ ಪೇಂಟ್‌ಗೆ ಹೋಗಿ, ಮೆತ್ತನೆ ಅಂಚಿನ ಬ್ರಶ್‌ನಲ್ಲಿ ಬಿಳಿ ಬಳಿಯಿರಿ. ಮುಂಬಾಗಿಲಿನಿಂದ ಅಡುಗೆಮನೆಗೆ, ಅಲ್ಲಿಂದ ಬಚ್ಚಲಿಗೆ, ಕಂಬದ ಪಕ್ಕ ತಿರುಗುವಲ್ಲಿ ಸ್ವಲ್ಪ ಅಗಲವಾಗಿ. ಜನ ನೇರ ಗೆರೆಯಲ್ಲಿ ನಡೆಯುವುದಿಲ್ಲ, ಮೂಲೆ ಕತ್ತರಿಸಿ ಹೋಗುತ್ತಾರೆ. ಬರೆದ ಮೇಲೆ ಒಂದು ಮಿಕ್ಸ್ ನೋಡ್ ತಗೊಂಡು ಫ್ಲೋಟ್‌ಗೆ ಇಡಿ. ಫ್ಯಾಕ್ಟರ್‌ಗೆ ಈ ಚಿತ್ರ, ಎ ಕಿಂಡಿಗೆ ಮೊದಲ ಪದರ, ಬಿ ಕಿಂಡಿಗೆ 0.22. ದಾರಿ ನುಣುಪಾಯಿತು.

ಮೂರನೆಯದು ನೆಲ ಒರೆಸಿದ ಗುರುತು. ಕುಕ್ಕರಗಾಲಲ್ಲಿ ಕೂತು ಒರೆಸುವವರ ಕೈ ಕಮಾನಿನ ಆಕಾರದಲ್ಲಿ ಓಡುತ್ತದೆ. ಒಂದು ಕಮಾನಿನ ಮೇಲೆ ಇನ್ನೊಂದು ಸ್ವಲ್ಪ ಹತ್ತಿ, ಹಿಂದೆ ಹಿಂದೆ ಸರಿಯುತ್ತಾ ಬರುತ್ತದೆ. ಕಿಟಕಿಯ ಬೆಳಕು ಬಿದ್ದಾಗ ಮಾತ್ರ ಇದು ಕಾಣುವುದು. ಇದಕ್ಕೂ ಇನ್ನೊಂದು ಚಿತ್ರ ಮಾಡಿ, ಬ್ರಶ್‌ನ ಸ್ಟ್ರೆಂತ್ ಕಮ್ಮಿ ಮಾಡಿ ಕಮಾನುಗಳನ್ನು ಬೇಗ ಬೇಗ ಎಳೆಯಿರಿ. ಟ್ಯಾಬ್ಲೆಟ್ ಇದ್ದರೆ ಚೆನ್ನ, ಇಲ್ಲದಿದ್ದರೆ ಮೌಸ್ ಸಾಕು. ಇದರ ಪಾಲು ರಫ್‌ನೆಸ್‌ನಲ್ಲಿ 0.04 ಮೀರಬಾರದು. ಮ್ಯಾತ್ ನೋಡ್‌ನಲ್ಲಿ 0.04ರಿಂದ ಗುಣಿಸಿ, ಮೇಲಿನದಕ್ಕೆ ಕೂಡಿಸಿ. ಹೊರದೇಶದ ರೆಡಿಮೇಡ್ ಟೆಕ್ಸ್ಚರ್‌ಗಳಲ್ಲಿ ಇಂಥ ಗುರುತು ಸಿಗುವುದು ಅಪರೂಪ. ನಿಂತು ಮಾಪ್ ಹಾಕುವ ಮನೆಯಾದರೆ ಗೆರೆಗಳು ಬೇರೆ ಥರ ಇರುತ್ತವೆ, ಅದನ್ನೂ ಯೋಚಿಸಿ.

ನಾಲ್ಕನೆಯದು ಮೂಲೆಯ ಧೂಳು, ಹೊಸ್ತಿಲ ಬಳಿಯ ರಂಗೋಲಿ ಪುಡಿ. ಅಲ್ಲಿ ರಫ್‌ನೆಸ್ 0.7–0.8ಕ್ಕೆ ಏರಲಿ, ಬಣ್ಣವೂ ತುಸು ಬೆಳ್ಳಗಾಗಲಿ. ಇದೊಂದು ಕಡೆ ಮಾತ್ರ ಬಣ್ಣಕ್ಕೂ ಹೊಳಪಿಗೂ ಒಂದೇ ಮಾಸ್ಕ್ (ಎಲ್ಲಿ ಎಷ್ಟು ಅಂತ ತೋರಿಸುವ ಕಪ್ಪು ಬಿಳುಪು ಚಿತ್ರ) ಬಳಸಬಹುದು. ಯಾಕೆಂದರೆ ಎರಡಕ್ಕೂ ಕಾರಣ ಒಂದೇ ಪುಡಿ.

ಪ್ರತಿ ಪದರವನ್ನೂ ಒಂಟಿಯಾಗಿ ನೋಡಬೇಕು. ಪ್ರಿಫರೆನ್ಸಸ್‌ನಲ್ಲಿ ನೋಡ್ ರ‍್ಯಾಂಗ್ಲರ್ ಆಡ್-ಆನ್ ಆನ್ ಮಾಡಿಕೊಂಡರೆ, ಕಂಟ್ರೋಲ್ + ಶಿಫ್ಟ್ ಹಿಡಿದು ಯಾವ ನೋಡ್ ಮೇಲೆ ಕ್ಲಿಕ್ ಮಾಡಿದರೂ ಅದೊಂದೇ ಪರದೆಯಲ್ಲಿ ಕಾಣುತ್ತದೆ. ಇದಿಲ್ಲದೆ ಕೆಲಸ ಮಾಡುವುದು ಕತ್ತಲಲ್ಲಿ ಅಡುಗೆ ಮಾಡಿದ ಹಾಗೆ.

ಕೊನೆಗೆ ಎಣ್ಣೆಯ ಪದರ. ಇದಕ್ಕೆ ಕೋಟ್ ಇದೆ. ವೇಟ್ 0.25, ರಫ್‌ನೆಸ್ 0.15. ಕೆಳಗಿನ ಸಿಮೆಂಟಿನ ಹರಡಿದ ಹೊಳಪು, ಮೇಲಿನ ಎಣ್ಣೆ ಅಥವಾ ಮೇಣದ ಚುರುಕು ಹೊಳಪು, ಎರಡೂ ಒಟ್ಟಿಗೆ ಕಂಡಾಗ ನೆಲಕ್ಕೆ ಆಳ ಬರುತ್ತದೆ. ವೇಟ್ 1 ಮಾಡಿದರೆ ಹೊಸ ಕಾರಿನ ಬಾನೆಟ್ ಆಗುತ್ತದೆ. ಓಡಾಟದ ಮಾಸ್ಕನ್ನು ಕೋಟ್ ವೇಟ್‌ಗೂ ಸ್ವಲ್ಪ ಎಳೆದುಕೊಂಡರೆ ಇನ್ನೂ ಒಳ್ಳೆಯದು.

ಕರಣೆಯ ಅಲೆ, ಬಿರುಕು

ನಾಯ್ಸ್ ಟೆಕ್ಸ್ಚರ್ ಸ್ಕೇಲ್ 4, ಡೀಟೇಲ್ 2. ಇದನ್ನು ಉಬ್ಬುತಗ್ಗಿನ ಭ್ರಮೆ ಹುಟ್ಟಿಸುವ ಬಂಪ್ ನೋಡ್‌ನ ಹೈಟ್‌ಗೆ ಕೊಡಿ. ಡಿಸ್ಟೆನ್ಸ್ 0.001, ಅಂದರೆ ಒಂದು ಮಿಲಿಮೀಟರ್. ಸ್ಟ್ರೆಂತ್ 0.3ರಿಂದ ಶುರು ಮಾಡಿ. ನೆಲವನ್ನು ಮೇಲಿನಿಂದ ನೋಡಿ ಇದನ್ನು ಹೊಂದಿಸಬೇಡಿ, ಏನೂ ಕಾಣುವುದಿಲ್ಲ. ಕ್ಯಾಮೆರಾವನ್ನು ಕೂತವರ ಕಣ್ಣಿನ ಎತ್ತರಕ್ಕೆ ಇಳಿಸಿ, ಕಿಟಕಿಯ ಪ್ರತಿಬಿಂಬ ನೋಡುತ್ತಾ ಹೊಂದಿಸಿ. ಸರಳುಗಳು ಸಣ್ಣಗೆ ವಂಕಿಯಾದರೆ ಸಾಕು, ಅಲ್ಲಿಗೆ ನಿಲ್ಲಿಸಿ.

ಈಗ ತುಂಬಾ ಜನ ತಪ್ಪುವ ಜಾಗ. ಬಂಪ್‌ನ ತಂತಿಯನ್ನು ಪ್ರಿನ್ಸಿಪಲ್ಡ್‌ನ ನಾರ್ಮಲ್‌ಗೆ (ಮೈ ಯಾವ ಕಡೆಗೆ ಮುಖ ಮಾಡಿದೆ ಅನ್ನುವ ಕಿಂಡಿ) ಮಾತ್ರ ಹಾಕಿ ಸುಮ್ಮನಾಗುತ್ತಾರೆ. ಕೋಟ್‌ಗೆ ಅದರದೇ ಬೇರೆ ನಾರ್ಮಲ್ ಕಿಂಡಿ ಇದೆ. ಅದನ್ನು ಖಾಲಿ ಬಿಟ್ಟರೆ ಕೋಟ್ ಮಟ್ಟಸವಾಗಿ ಉಳಿಯುತ್ತದೆ, ಅಲೆಅಲೆಯಾದ ನೆಲದ ಮೇಲೆ ಗಾಜಿನ ಹಾಳೆ ಹಾಸಿದ್ದಂತೆ ಕಾಣುತ್ತದೆ. ದಪ್ಪ ವಾರ್ನಿಷ್‌ಗೆ ಅದು ಸರಿ. ತೆಳು ಎಣ್ಣೆಗೆ ಸರಿಯಲ್ಲ. ಅದೇ ಬಂಪನ್ನು ಕೋಟ್ ನಾರ್ಮಲ್‌ಗೂ ಕೊಡಿ.

ಬಿರುಕಿಗೆ ವೊರೊನಾಯ್ ಟೆಕ್ಸ್ಚರ್‌ನ ಡಿಸ್ಟೆನ್ಸ್ ಟು ಎಡ್ಜ್ ಬಳಸಿ ಅಂತ ಎಲ್ಲರೂ ಹೇಳುತ್ತಾರೆ. ಒಣಗಿದ ಕೆರೆಯಂಗಳಕ್ಕೆ ಅದು ಚೆನ್ನ. ಮನೆಯ ನೆಲದಲ್ಲಿ ಬಿರುಕು ಹಾಗೆ ಎಲ್ಲೆಡೆ ಬಲೆಯಂತೆ ಹರಡುವುದಿಲ್ಲ. ಕಂಬದ ಬುಡ, ಬಾಗಿಲ ಚೌಕಟ್ಟಿನ ಮೂಲೆ, ಎರಡು ದಿನದ ಕೆಲಸ ಸೇರಿದ ಜೋಡು, ಇಂಥ ಕಡೆ ಹುಟ್ಟಿ ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ. ನಾಲ್ಕೈದು ಕೂದಲೆಳೆ ಬಿರುಕು ಕೈಯಿಂದ ಬಿಡಿಸಿ. ಎರಡನೇ ಬಂಪ್ ನೋಡ್ ಹಾಕಿ ಅದರ ನಾರ್ಮಲ್ ಇನ್‌ಪುಟ್‌ಗೆ ಮೊದಲ ಬಂಪನ್ನು ಸೇರಿಸಿದರೆ ಎರಡೂ ಒಂದಾಗುತ್ತವೆ. ಬಿರುಕಿನೊಳಗೆ ಕೊಳೆ ಕೂತಿರುತ್ತದೆ, ಬಣ್ಣ ಗಾಢ ಮಾಡಿ.

ದೇವರ ಮುಂದಿನ ಹಿತ್ತಾಳೆ ದೀಪ

ಲೋಹದ ಲೆಕ್ಕ ಬೇರೆ. ಮೆಟಾಲಿಕ್ ಸ್ಲೈಡರ್ 0 ಅಥವಾ 1, ನಡುವೆ ನಿಲ್ಲಿಸುವಂತಿಲ್ಲ. ಅರ್ಧ ಲೋಹ ಅನ್ನುವ ವಸ್ತು ಲೋಕದಲ್ಲಿಲ್ಲ. ಹಿತ್ತಾಳೆಗೆ ಬೇಸ್ ಕಲರ್ ಸುಮಾರು 0.91, 0.78, 0.42. "ಇಷ್ಟು ತಿಳಿ ಬಣ್ಣವಾ?" ಅಂತ ಅನ್ನಿಸಬಹುದು. ಲೋಹಕ್ಕೆ ತನ್ನದೇ ಮೈಬಣ್ಣ ಇಲ್ಲ. ಸುತ್ತಲಿನದನ್ನು ಬಣ್ಣ ಹಚ್ಚಿ ತೋರಿಸುತ್ತದೆ, ಅಷ್ಟೇ. ದೀಪ ಕಪ್ಪಾಗಿ ಕಾಣುತ್ತಿದ್ದರೆ ಅದಕ್ಕೆ ಪ್ರತಿಫಲಿಸಲು ಏನೂ ಇಲ್ಲ ಅಂತ ಅರ್ಥ. ಬೇಸ್ ಕಲರ್ ತಿದ್ದಬೇಡಿ, ಎದುರಿಗೊಂದು ಬಿಳಿ ಗೋಡೆಯೋ ಕಿಟಕಿಯೋ ತನ್ನಿ.

ಹುಣಸೆಹಣ್ಣು ಹಾಕಿ ತಿಕ್ಕುವ ದೀಪದಲ್ಲಿ ಉಬ್ಬಿದ ಭಾಗ ಫಳಫಳ ಅನ್ನುತ್ತದೆ, ಸಂದಿನಲ್ಲಿ ಕಿಲುಬು ಉಳಿಯುತ್ತದೆ. ಇದನ್ನು ಹಿಡಿಯಲು ಜಿಯೋಮೆಟ್ರಿ ನೋಡ್‌ನ ಪಾಯಿಂಟಿನೆಸ್ ಇದೆ. ಸೈಕಲ್ಸ್‌ನಲ್ಲಿ ಮಾತ್ರ ಕೆಲಸ ಮಾಡುತ್ತದೆ, ಮೆಶ್ (ಮಾದರಿಯ ಮೈಯ ಬಲೆ) ದಟ್ಟವಾಗಿರಬೇಕು. ಮಟ್ಟಸ ಜಾಗ 0.5 ಕೊಡುತ್ತದೆ. ಕಲರ್ ರ‍್ಯಾಂಪ್‌ನ ಎರಡು ಗುಂಡಿಗಳನ್ನು 0.47 ಮತ್ತು 0.53ರ ಹತ್ತಿರ ತಂದರೆ ಸಂದು ಮತ್ತು ಉಬ್ಬು ಬೇರೆಯಾಗುತ್ತವೆ. ಉಬ್ಬಿಗೆ ರಫ್‌ನೆಸ್ 0.15, ಸಂದಿಗೆ 0.5.

ಈಗ ಅರಿಶಿನ ಕುಂಕುಮ ಹಚ್ಚಿದ ಜಾಗ. ಕುಂಕುಮ ಲೋಹ ಅಲ್ಲ. ಅಲ್ಲಿ ಮೆಟಾಲಿಕ್ 0, ರಫ್‌ನೆಸ್ 0.9. ಬತ್ತಿಯ ಪಕ್ಕದ ಮಸಿಯೂ ಹಾಗೇ. ಆದರೆ ಎಣ್ಣೆ ಸುರಿದಲ್ಲಿ ಲೋಹ ಲೋಹವೇ, ಮೇಲೆ ಕೋಟ್ ಬರುತ್ತದೆ. ಕಡಸಲು ಯಂತ್ರದಲ್ಲಿ ತಿರುಗಿಸಿ ಮಾಡಿದ ದೀಪಕ್ಕೆ ಆನಿಸೋಟ್ರೋಪಿಕ್ 0.4 ಕೊಟ್ಟು, ಟ್ಯಾಂಜೆಂಟ್ ನೋಡ್ ರೇಡಿಯಲ್, ಝಡ್ ಇಟ್ಟರೆ ಬೆಳಕು ಸುತ್ತುಗೆರೆಯಾಗಿ ಎಳೆದುಕೊಳ್ಳುತ್ತದೆ.

ಮರ, ಮುರಕಲ್ಲು, ಹೆಂಚು

ಮರದ ಕಂಬದಲ್ಲಿ ಎಳೆ ಉದ್ದಕ್ಕೆ ಓಡಬೇಕು, ಕತ್ತರಿಸಿದ ತುದಿಯಲ್ಲಿ ಉಂಗುರ ಕಾಣಬೇಕು. ಒಂದೇ ಫೋಟೊ ಸುತ್ತಿಬಿಟ್ಟರೆ ತುದಿಯಲ್ಲೂ ಉದ್ದ ಎಳೆ ಬಂದು, ಸನ್‌ಮೈಕಾ ಅಂಟಿಸಿದ್ದು ಅಂತ ಗೊತ್ತಾಗುತ್ತದೆ. ತುದಿಗೆ ಬೇರೆ ಮೆಟೀರಿಯಲ್ ಕೊಡಿ. ಮುಗಿಯಿತು.

ಕರಾವಳಿಯ ಮುರಕಲ್ಲಿನ ಗೋಡೆಗೆ ಬಂಪ್ ಸಾಲದು. ಆ ಕಲ್ಲಿನ ಮೈತುಂಬಾ ತೂತು. ಬಂಪ್ ಬರೀ ಬೆಳಕಿನ ಆಟ, ಗೋಡೆಯ ಅಂಚು ಮಾತ್ರ ನುಣ್ಣಗೇ ಉಳಿಯುತ್ತದೆ. ಇಲ್ಲಿ ಮೈಯನ್ನೇ ನಿಜವಾಗಿ ಉಬ್ಬುತಗ್ಗು ಮಾಡುವ ಡಿಸ್‌ಪ್ಲೇಸ್‌ಮೆಂಟ್ ಬೇಕು. ಮೆಟೀರಿಯಲ್ ಸೆಟ್ಟಿಂಗ್‌ನಲ್ಲಿ ಡಿಸ್‌ಪ್ಲೇಸ್‌ಮೆಂಟ್ ಮೊದಲಿಗೆ ಬಂಪ್ ಓನ್ಲಿ ಅಂತ ಇರುತ್ತದೆ. ಅದನ್ನು ಡಿಸ್‌ಪ್ಲೇಸ್‌ಮೆಂಟ್ ಆಂಡ್ ಬಂಪ್ ಮಾಡಿ, ಗೋಡೆಗೆ ಸಬ್‌ಡಿವಿಜನ್ ಹಾಕಿ. ಹೈಟ್ ಚಿತ್ರ 16 ಬಿಟ್‌ನದ್ದಾಗಿರಲಿ. 8 ಬಿಟ್‌ನಲ್ಲಿ 256 ಮಟ್ಟ ಮಾತ್ರ ಇರುವುದರಿಂದ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ.

ಮಂಗಳೂರು ಹೆಂಚಿನ ಮಾಡಿಗೆ ಒಂದು ಹೆಂಚು ಮಾಡಿ ನೂರಾರು ಸಲ ಇಟ್ಟರೆ ಸಾಕು. ಆದರೆ ಒಂದೊಂದು ಹೆಂಚು ಗೂಡಿನಲ್ಲಿ ಒಂದೊಂದು ಥರ ಬೆಂದಿರುತ್ತದೆ. ಆಬ್ಜೆಕ್ಟ್ ಇನ್ಫೋ ನೋಡ್‌ನ ರ‍್ಯಾಂಡಮ್ ಪ್ರತಿ ಹೆಂಚಿಗೂ ಬೇರೆ ಅಂಕಿ ಕೊಡುತ್ತದೆ. ಅದನ್ನು ಬಣ್ಣಕ್ಕೂ ರಫ್‌ನೆಸ್‌ಗೂ ಸ್ವಲ್ಪ ಸ್ವಲ್ಪ ಬೆರೆಸಿ. ಮಳೆ ಹೆಚ್ಚು ಹೊಡೆಯುವ ಪಕ್ಕದಲ್ಲಿ ಪಾಚಿ ಹಿಡಿದು ಕಪ್ಪಾಗಿರಲಿ.

ಡೌನ್‌ಲೋಡ್ ಮಾಡಿದ ಟೆಕ್ಸ್ಚರ್ ಹಾಕುವಾಗ

ಎಲ್ಲವನ್ನೂ ಕೈಯಿಂದಲೇ ಮಾಡಬೇಕಿಲ್ಲ. ಪಾಲಿ ಹೆವನ್, ಆಂಬಿಯೆಂಟ್ ಸಿಜಿ ತಾಣಗಳಲ್ಲಿ ಒಳ್ಳೆಯವು ಸಿಗುತ್ತವೆ. ಪ್ರಿನ್ಸಿಪಲ್ಡ್ ನೋಡ್ ಆರಿಸಿ ಕಂಟ್ರೋಲ್ + ಶಿಫ್ಟ್ + ಟಿ ಒತ್ತಿದರೆ ನೋಡ್ ರ‍್ಯಾಂಗ್ಲರ್ ಎಲ್ಲ ಚಿತ್ರಗಳನ್ನೂ ಸರಿಯಾದ ಕಿಂಡಿಗೆ ಜೋಡಿಸುತ್ತದೆ. ಕೈಯಿಂದ ಜೋಡಿಸುವವರು ಗಮನಿಸಿ: ಬಣ್ಣದ ಚಿತ್ರ ಮಾತ್ರ ಎಸ್‌ಆರ್‌ಜಿಬಿ, ರಫ್‌ನೆಸ್, ನಾರ್ಮಲ್, ಮೆಟಾಲಿಕ್, ಹೈಟ್ ಎಲ್ಲವೂ ನಾನ್-ಕಲರ್. ನಾರ್ಮಲ್ ಚಿತ್ರ ಎರಡು ಬಗೆಯಲ್ಲಿ ಬರುತ್ತದೆ. ಓಪನ್‌ಜಿಎಲ್ ಅಂತ ಇರುವುದನ್ನೇ ಇಳಿಸಿಕೊಳ್ಳಿ. ಡೈರೆಕ್ಟ್‌ಎಕ್ಸ್ ಹಾಕಿದರೆ ಹಸಿರು ಚಾನಲ್ ತಿರುಗಿ, ಉಬ್ಬು ಇರಬೇಕಾದಲ್ಲಿ ತಗ್ಗು ಕಾಣುತ್ತದೆ.

ಗಾತ್ರದ ಆಸೆಗೂ ಮಿತಿ ಇರಲಿ. 4ಕೆ ಚಿತ್ರ ಡಿಸ್ಕ್‌ನಲ್ಲಿ ಚಿಕ್ಕದಿರಬಹುದು. ಗ್ರಾಫಿಕ್ಸ್ ಕಾರ್ಡ್‌ನ ಮೆಮೊರಿಯಲ್ಲಿ ಬಿಚ್ಚಿಕೊಂಡಾಗ 4096 × 4096 × 4 ಬೈಟ್, ಅಂದರೆ 64 ಎಂಬಿ. ಒಂದು ಮೆಟೀರಿಯಲ್‌ಗೆ ನಾಲ್ಕು ಚಿತ್ರ ಅಂದರೆ 256 ಎಂಬಿ. ಇದೇ 2ಕೆ ಆದರೆ ಒಂದಕ್ಕೆ 16 ಎಂಬಿ. ದೂರದ ಗೋಡೆಗೆ 2ಕೆ ಧಾರಾಳ.

ನಿಮ್ಮದೇ ಫೋಟೊದಿಂದ

ಬೇಕಾದ ಕಲ್ಲು ಎಲ್ಲೂ ಸಿಗದಿದ್ದರೆ ಫೋಟೊ ತೆಗೆಯಿರಿ. ಮೋಡ ಕವಿದ ದಿನ ಆರಿಸಿ. ಬಿಸಿಲಿನ ನೆರಳು ಫೋಟೊದಲ್ಲಿ ಸೇರಿಕೊಂಡರೆ ತೆಗೆಯುವುದು ಕಷ್ಟ. ಕ್ಯಾಮೆರಾ ಗೋಡೆಗೆ ನೇರವಾಗಿರಲಿ, ಪಕ್ಕದಲ್ಲೊಂದು ಸ್ಕೇಲ್ ಇಟ್ಟು ಇನ್ನೊಂದು ಫೋಟೊ ತೆಗೆದುಕೊಳ್ಳಿ, ಅಳತೆಗೆ ಬೇಕು. ಹೊಳೆಯುವ ಮೈ ಆದರೆ ಪೋಲರೈಸರ್ ಫಿಲ್ಟರ್ ಪ್ರತಿಫಲನ ತಗ್ಗಿಸುತ್ತದೆ. ಫೋನ್‌ಗಳು ತಾವಾಗೇ ಶಾರ್ಪ್ ಮಾಡಿ, ಎಚ್‌ಡಿಆರ್ ಹಚ್ಚಿ ಕೊಡುತ್ತವೆ. ಸಾಧ್ಯವಿದ್ದರೆ ರಾ (ಫೋನ್ ತಿದ್ದದ ಮೂಲ ಚಿತ್ರ) ಆನ್ ಮಾಡಿ.

ಅಂಚು ಕಾಣದಂತೆ ಕೂಡಿಸಲು ಚಿತ್ರ ಬಿಡಿಸುವ ಸಾಫ್ಟ್‌ವೇರ್ ಕ್ರಿಟಾ ಬಳಸುವುದು ನನಗಿಷ್ಟ. ಅದರಲ್ಲಿ ಡಬ್ಲ್ಯೂ ಒತ್ತಿದರೆ ಚಿತ್ರ ನಾಲ್ಕೂ ಕಡೆ ಮರುಕಳಿಸಿ ಕಾಣುತ್ತದೆ. ಜೋಡು ಎಲ್ಲಿದೆ ಅಂತ ನೋಡುತ್ತಲೇ ಕ್ಲೋನ್ ಬ್ರಶ್‌ನಲ್ಲಿ ತಿದ್ದಬಹುದು. ಎದ್ದು ಕಾಣುವ ಒಂದು ದೊಡ್ಡ ತೂತೋ ಕಲೆಯೋ ಇದ್ದರೆ ಅಳಿಸಿಬಿಡಿ. ಗೋಡೆಯ ಮೇಲೆ ಅದು ಹತ್ತು ಸಲ ಮರುಕಳಿಸಿದಾಗ ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ.

ಕೊಡುವ ಮೊದಲು

ಸನ್ ಲೈಟನ್ನು ಬೆಳಗ್ಗೆ, ಮಧ್ಯಾಹ್ನ, ಸಂಜೆಯ ಕೋನಗಳಿಗೆ ತಿರುಗಿಸಿ ಸಣ್ಣ ರೆಂಡರ್ ತೆಗೆಯಿರಿ. ಒಂದೇ ಬೆಳಕಿನಲ್ಲಿ ಮಾತ್ರ ಚೆನ್ನಾಗಿ ಕಾಣುವ ಮೆಟೀರಿಯಲ್ ಇನ್ನೂ ಆಗಿಲ್ಲ ಅಂತ ಲೆಕ್ಕ. ಆಮೇಲೆ ರೆಂಡರನ್ನು ಕಪ್ಪು ಬಿಳುಪು ಮಾಡಿ ನಿಮ್ಮ ಫೋಟೊ ಪಕ್ಕ ಇಡಿ. ಬಣ್ಣದ ಮೋಡಿ ಹೋದ ಮೇಲೆ ಹೊಳಪಿನ ವ್ಯತ್ಯಾಸ ಬೇಗ ಕಣ್ಣಿಗೆ ಬೀಳುತ್ತದೆ. ಮಾಸ್ಕ್‌ಗಳು ಜಾಸ್ತಿ ಎದ್ದು ಕಾಣುತ್ತಿದ್ದರೆ ಎಲ್ಲವನ್ನೂ ಅರ್ಧಕ್ಕೆ ಇಳಿಸಿ ಮತ್ತೊಮ್ಮೆ ನೋಡಿ. ಬಹಳ ಸಲ ಅದೇ ಸರಿ ಇರುತ್ತದೆ.

ಮೆಟೀರಿಯಲ್ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ ಮಾರ್ಕ್ ಆ್ಯಸ್ ಅಸೆಟ್ ಕೊಟ್ಟರೆ ಮುಂದಿನ ಮನೆಗೂ ಇದೇ ನೆಲ ಎಳೆದುಕೊಳ್ಳಬಹುದು. ದಾರಿಯ ಮಾಸ್ಕ್ ಮಾತ್ರ ಆ ಮನೆಗೆ ಹೊಸದಾಗಿ ಬಿಡಿಸಬೇಕು. ಬೇರೆಯವರಿಗೆ ಕಳಿಸುವುದಾದರೆ ಫೈಲ್ ಮೆನುವಿನ ಎಕ್ಸ್‌ಟರ್ನಲ್ ಡೇಟಾದಲ್ಲಿ ಪ್ಯಾಕ್ ರಿಸೋರ್ಸಸ್ ಒತ್ತಿ. ಇಲ್ಲದಿದ್ದರೆ ಅವರಿಗೆ ಟೆಕ್ಸ್ಚರ್ ಇರುವಲ್ಲೆಲ್ಲ ನೇರಳೆ ಬಣ್ಣ ಕಾಣುತ್ತದೆ. ನೀವು ಬ್ರಶ್‌ನಲ್ಲಿ ಬಿಡಿಸಿದ ಮಾಸ್ಕ್‌ಗಳನ್ನು ಇಮೇಜ್ ಎಡಿಟರ್‌ಗೆ ಹೋಗಿ ಆಲ್ಟ್ + ಎಸ್ ಒತ್ತಿ ಬೇರೆಯಾಗಿ ಸೇವ್ ಮಾಡಿ. ಕಂಟ್ರೋಲ್ + ಎಸ್ ಒತ್ತಿದರೆ ಬ್ಲೆಂಡ್ ಫೈಲ್ ಸೇವ್ ಆಗುತ್ತದೆ, ಚಿತ್ರಗಳೂ ಅದರ ಜೊತೆಗೇ ಉಳಿದವು ಅಂತ ನಂಬಿ ಕೂರಬೇಡಿ.